ಮಂಡಿಯೂರುವ ಕಾರು

ಹದಿನೆಂಟು ವರ್ಷ ಹಳೆಯ ಆ ಐಷಾರಾಮಿ ಕಾರು ತನಗೆ ಮರ್ಯಾದೆ ಕೊಡುತ್ತಿದೆಯೆಂದೇ ರೂವೆನ್ ಮೊದಲ ಹನ್ನೊಂದು ದಿನ ನಂಬಿದ್ದ. ಸಂಜೆ ಮನೆಮುಂದೆ ನಿಲ್ಲಿಸಿದಾಗ ನೆಟ್ಟಗಿರುತ್ತಿದ್ದ ಕಾರು, ಬೆಳಗ್ಗೆ ನೋಡಿದರೆ ಹಿಂಭಾಗ ಇಳಿಸಿಕೊಂಡು ಕೂತಿರುತ್ತಿತ್ತು. ಇಂಜಿನ್ ಚಾಲೂ ಮಾಡಿದೊಡನೆ ಗುರ್ ಎಂದು ಎದ್ದು ನಿಲ್ಲುತ್ತಿತ್ತು.

"ನೋಡು, ಯಜಮಾನ ಹತ್ತುವಾಗ ಕಷ್ಟಪಡಬಾರದು ಅಂತ ಆನೆ ಥರ ಮಂಡಿಯೂರುತ್ತೆ. ದೊಡ್ಡ ಕಾರು ಅಂದ್ರೆ ಇದು!" ಎಂದು ಹೆಂಡತಿ ಟಾಬೆಯಾಗೆ ವಿವರಿಸಿದ್ದ. (ಕಚೇರಿಯಲ್ಲೂ ನಾಲ್ಕು ಜನಕ್ಕೆ ವಿವರಿಸಿದ್ದ. ಆ ನಾಲ್ವರು ಈಗಲೂ ಅದನ್ನು ಮರೆತಿಲ್ಲ.)

ರೂವೆನ್ ಕ್ಯೂಬ್ಲರ್ ಎಸ್ಲಿಂಗೆನ್ ಊರಿನ ಸ್ಕ್ರೂ ಕಾರ್ಖಾನೆಯೊಂದರಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ವಿಭಾಗದ ಗುಮಾಸ್ತ. ಅವನಿಗೂ ಆ ಕಾರಿಗೂ ಇದ್ದದ್ದು ಇಲಿಗೂ ಗಣಪನಿಗೂ ಇರುವ ಸಂಬಂಧ: ಕೂತವನು ದೊಡ್ಡವನು, ಹೊರುವವನ ಗತಿ ದೇವರಿಗೇ ಗೊತ್ತು. "ನಿನಗೊಂದು ಸಣ್ಣ ಕಾರು ಸಾಕಪ್ಪಾ" ಎಂದು ಕಾರು ಕೊಳ್ಳುವ ಮೊದಲು ಮಾವ ಗೆಬ್‌ಹಾರ್ಟ್ ಊಟದ ಮೇಜಿನ ಮುಂದೆ ಹೇಳಿದ್ದೇ ತಡ, ರೂವೆನ್ ಎದೆ ಸೆಟೆಸಿ ಘೋಷಿಸಿಬಿಟ್ಟಿದ್ದ: "ಮಿರ್ಯಾಮ್ ಮದುವೆ ದಿನ ಅವಳನ್ನ ಚರ್ಚಿಗೆ ನನ್ನ ಕಾರಲ್ಲೇ ಕರ್ಕೊಂಡು ಹೋಗ್ತೀನಿ. ಮಾತು ಅಂದ್ರೆ ಮಾತು!" ಮಿರ್ಯಾಮ್ ಅವನ ನಾದಿನಿ. ಇಡೀ ಮೇಜು ತಟ್ಟೆಯತ್ತ ತಲೆ ತಗ್ಗಿಸಿತು. ಅದನ್ನು ಅವನು ಮೆಚ್ಚುಗೆ ಎಂದುಕೊಂಡ.

ಮದುವೆಗೆ ಒಂದು ವಾರ ಇತ್ತು. ಆ ಶನಿವಾರ ಬೆಳಗ್ಗೆ ಕೆಳಮನೆಯ ಶ್ರೀಮತಿ ಡೀರೊಲ್ಫ್ ಪೊರಕೆ ಹಿಡಿದು ಬಾಗಿಲು ಬಡಿದರು. ಆ ಕಟ್ಟಡದಲ್ಲಿ ವಾರಕ್ಕೊಂದು ಮನೆಯವರು ಮೆಟ್ಟಿಲು, ಅಂಗಳ, ಬೀದಿಯಂಚು ಗುಡಿಸಬೇಕು. ಸರದಿ ಯಾರದೋ ಅವರ ಬಾಗಿಲಿಗೆ ಹಲಗೆ ತೂಗುತ್ತದೆ. ಆ ಹಲಗೆಗೆ ಸಿಗುವ ಭಯಭಕ್ತಿ ಅಲ್ಲಿ ಪೊಲೀಸರಿಗೂ ಸಿಗುವುದಿಲ್ಲ.

"ಕ್ಯೂಬ್ಲರ್ ಅವರೇ, ನಿಮ್ಮ ಕಾರಿನಡಿ ಪೊರಕೆ ಹೋಗ್ತಿಲ್ಲ."

"ನಿನ್ನೆ ಸಂಜೆ ಹೋಗ್ತಿತ್ತಲ್ಲ?"

"ಸಂಜೆ ಏಳಕ್ಕೆ ಹೋಗುತ್ತೆ, ಬೆಳಗ್ಗೆ ಆರಕ್ಕೆ ಹೋಗಲ್ಲ. ಅದೂ ಹಿಂದಿನ ಎಡಗಡೆ ಮಾತ್ರ. ಐದು ದಿನದಿಂದ ಬರೆದಿಟ್ಟಿದ್ದೀನಿ."

"ಅದು... ಮರ್ಯಾದೆಗೆ ಬಾಗುತ್ತೆ ಅಮ್ಮಾ."

"ಒಂದೇ ಹಿಂಗಾಲಲ್ಲಿ ಯಾರ್ರೀ ಮರ್ಯಾದೆ ಕೊಡ್ತಾರೆ? ನಾಯಿಯಾದ್ರೂ ಎತ್ತುತ್ತೆ, ಇದು ಇಳಿಸುತ್ತೆ!"

ಯಜಮಾನನಿಗೇ ಹೊಳೆಯದ ರೋಗವನ್ನು ಒಂದು ಪೊರಕೆ ಪತ್ತೆಹಚ್ಚಿತ್ತು. ಆ ಕಾರಿನಲ್ಲಿ ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳಿದ್ದವು. ಎಡಗಡೆಯ ಹಿಂದಿನದು ಸೋರುತ್ತಿರಬೇಕು. ಪಾತ್ರೆ ತೊಳೆಯುವ ಸೋಪಿನ ನೀರು ಚಿಮುಕಿಸಿದರೆ ತೂತಿರುವಲ್ಲಿ ಗುಳ್ಳೆ ಏಳುತ್ತದೆ ಎಂದು ಓದಿಕೊಂಡು ರೂವೆನ್ ಬಕೆಟ್ಟಿನೊಂದಿಗೆ ಬೀದಿಗಿಳಿದ. ಕೂಡಲೇ ಶ್ರೀಮತಿ ಡೀರೊಲ್ಫ್ ಅವರ ಕಿಟಕಿ ತೆರೆಯಿತು.

"ಬೀದೀಲಿ ಕಾರು ತೊಳೆಯೋ ಹಾಗಿಲ್ಲ!"

"ತೊಳೀತಿಲ್ಲ ಅಮ್ಮಾ, ಗುಳ್ಳೆ ನೋಡ್ತಿದೀನಿ!"

"ವಯಸ್ಸೆಷ್ಟು ನಿಮಗೆ?"

ಗುಳ್ಳೆ ಬಂತು. ರೂವೆನ್ ಗುಜರಿಯಿಂದ ಬೇರೆ ಚೀಲ ತಂದ. ಕಾರ್ಖಾನೆಯಿಂದ ಬಂದವನೇ ದಿನವೂ ಸಂಜೆ ಜಾಕ್ ಕೊಟ್ಟು, ಕೈಗೆ ಗಾಯ, ಮೂಗಿಗೆ ಮಸಿ ಮಾಡಿಕೊಂಡು, ಶುಕ್ರವಾರ ಕೊನೆಯ ನಟ್ಟು ಬಿಗಿದ. "ಮುಗೀತು ಟಾಬೆಯಾ! ಗಂಡನಿಗೆ ನಮಸ್ಕಾರ ಮಾಡು!" ಎಂದ.

"ಮೊದಲು ಮುಖ ತೊಳ್ಕೊ. ಯಾವ ಕಡೆ ತಿರುಗಿ ಮಾಡಬೇಕೋ ಗೊತ್ತಾಗ್ತಿಲ್ಲ."

ಮದುವೆಯ ಬೆಳಗ್ಗೆ ಮಿರ್ಯಾಮ್ ಇವರ ಮನೆಯಲ್ಲೇ ಅಲಂಕಾರ ಮಾಡಿಕೊಂಡು ಬಿಳಿ ಉಡುಗೆಯಲ್ಲಿ ಬೀದಿಗಿಳಿದಳು. ಕಾರಿನ ಮೂತಿಗೆ ಹೂವಿನ ಗುಚ್ಛ. ಮಾವ, ಅತ್ತೆ, ಪೊರಕೆಸಮೇತ ಶ್ರೀಮತಿ ಡೀರೊಲ್ಫ್ ಎಲ್ಲರೂ ಸಾಲಾಗಿ ನಿಂತಿದ್ದರು. ರೂವೆನ್ ಸಾಮ್ರಾಟನ ಠೀವಿಯಿಂದ ಕೀಲಿ ತಿರುಗಿಸಿದ. ಗುರ್ ಎಂದಿತು. ಹಿಂಭಾಗ ಎದ್ದಿತು. ಇನ್ನೂ ಎದ್ದಿತು. ನಿಲ್ಲಬೇಕಾದಲ್ಲಿ ನಿಲ್ಲದೆ ಏಳುತ್ತಲೇ ಹೋಯಿತು. ಚೀಲ ಬದಲಿಸಲು ಬಿಚ್ಚಿದ್ದ, ಕಾರಿನ ಎತ್ತರ ಅಳೆಯುವ ಗೇಣುದ್ದದ ಕಡ್ಡಿಯೊಂದನ್ನು ಅವನು ತಲೆಕೆಳಗಾಗಿ ಜೋಡಿಸಿದ್ದ. ಪಾಪದ ಕಾರು ತಾನಿನ್ನೂ ಪಾತಾಳದಲ್ಲೇ ಇದ್ದೇನೆಂದು ತಿಳಿದು ಮೇಲೇರುತ್ತಿತ್ತು. ಕೊನೆಗೆ ರಸ್ತೆಯಲ್ಲಿ ಬಿದ್ದ ಕಿವಿಯೋಲೆ ಹುಡುಕುವವರ ಹಾಗೆ ಮೂತಿ ನೆಲಕ್ಕೆ, ಹಿಂಭಾಗ ಆಕಾಶಕ್ಕೆ ಮಾಡಿ ನಿಂತಿತು. ಹೂವೆಲ್ಲ ಜಾರಿ ಬೀದಿಗೆ ಬಿತ್ತು. ಇಂಜಿನ್ ಆರಿಸಿದರೂ ಇಳಿಯಲಿಲ್ಲ.

"ಏಣಿ ಎಲ್ಲಿಟ್ಟಿದ್ದೀರಿ ಅಳಿಯಂದಿರೇ?" ಎಂದರು ಮಾವ.

"ಪೊರಕೆ ಈಗ ಚೆನ್ನಾಗಿ ಹೋಗುತ್ತೆ," ಎಂದು ಶ್ರೀಮತಿ ಡೀರೊಲ್ಫ್ ಸಮಾಧಾನ ಹೇಳಿದರು.

"ಹತ್ತು ನಿಮಿಷ ಕೊಡಿ, ಸರಿ ಮಾಡಿಬಿಡ್ತೀನಿ!" ಎಂದು ರೂವೆನ್ ಮದುವೆಯ ಕೋಟಿನಲ್ಲೇ ಕಾರಿನಡಿ ನುಸುಳಲು ಹೊರಟ. ಅಷ್ಟರಲ್ಲಿ ಬೀದಿಯ ತಿರುವಿನಿಂದ ಟ್ಯಾಕ್ಸಿಯೊಂದು ಬಂದು ಮಿರ್ಯಾಮಳ ಮುಂದೆ ನಿಂತಿತು. ಯಾರೂ ಆಶ್ಚರ್ಯಪಡಲಿಲ್ಲ. ಮದುಮಗಳು, ಮಾವ, ಅತ್ತೆ ಹತ್ತಿ ಕೂತರು. ಟ್ಯಾಕ್ಸಿ ಹೊರಟೇ ಹೋಯಿತು.

ಮೊಣಕಾಲೂರಿದ್ದ ರೂವೆನ್ ಹೆಂಡತಿಯತ್ತ ತಲೆ ಎತ್ತಿದ. "ಆ ಟ್ಯಾಕ್ಸಿಯ ಕನ್ನಡಿಗೆ ಬಿಳಿ ರಿಬ್ಬನ್ ಕಟ್ಟಿತ್ತಲ್ಲ ಟಾಬೆಯಾ? ಈಗ ಕರೆದದ್ದಲ್ಲ ಅದು. ನಿಜ ಹೇಳು, ಯಾವತ್ತು ಗೊತ್ತು ಮಾಡಿದ್ದೆ?"

ಟಾಬೆಯಾ ಟೋಪಿ ಸರಿಮಾಡಿಕೊಂಡಳು.

"ನೀನು ಕಾರು ತಂದ ದಿನವೇ."