ಪೀಣ್ಯದ ಮೈದಾನದಲ್ಲಿ ನನ್ನ ಕೋಚ್‌ಗಿರಿ

ಕೆಲವರ ಜಾತಕದಲ್ಲಿ ವಿದೇಶ ಪ್ರಯಾಣ ಇರುತ್ತದೆ, ಕೆಲವರದರಲ್ಲಿ ವಾಹನಯೋಗ ಇರುತ್ತದೆ. ನನ್ನದರಲ್ಲಿ ಫಜೀತಿಯ ಪ್ರಸಂಗಗಳನ್ನು ಬಿಟ್ಟು ಬೇರೇನೂ ಇರಲಿಲ್ಲ ಎಂದು ಕಾಣುತ್ತದೆ. ಒಂದು ಮುಗಿಯಿತಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಾಗಿಲಿಗೆ ಬಂದು ನಿಂತಿರುತ್ತಿತ್ತು.

ಎಪ್ಪತ್ತರ ದಶಕದ ಆರಂಭದಿಂದ ಎಂಬತ್ತರ ದಶಕದ ಕೊನೆಯವರೆಗೆ ಪೀಣ್ಯದ ಪಕ್ಕದ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಫುಟ್‌ಬಾಲ್ ಕೋಚ್ ಆಗಿದ್ದೆ. ಹುಡುಗರಿಗೆ ನಾನು ಕೋಚ್ ಸಾರ್, ಊರಿನವರಿಗೆ ಡ್ರಿಲ್ ಮೇಷ್ಟ್ರು, ಪ್ರಿನ್ಸಿಪಾಲರಿಗೆ ಬರೀ 'ಏನ್ರೀ'. ಎಷ್ಟು ಕಪ್ ಗೆದ್ದಿರಿ ಎಂದು ಮಾತ್ರ ಕೇಳಬೇಡಿ. ಆ ಆಸೆಯನ್ನು ನಾನು ಬೇಗ ಬಿಟ್ಟೆ. ಕೊನೆಯವರೆಗೂ ಬಿಡದೆ ಹಿಡಿದುಕೊಂಡಿದ್ದ ಆಸೆ ಒಂದೇ: ಹುಡುಗರು ಓಡಾಡಲು ಒಂದು ಪೂರ್ತಿ ಮೈದಾನ. ಅದನ್ನು ಉಳಿಸಿಕೊಳ್ಳಲು ಹೋಗಿ ಆದ ಫಜೀತಿಗಳಿವು. ಕೇಳಿದವರೆಲ್ಲ ನಗುತ್ತಾರೆ. ನಾನೂ ಜೊತೆಗೆ ನಗುತ್ತೇನೆ. ಆದರೆ ಆಗ ಹೊಟ್ಟೆ ಉರಿಯುತ್ತಿತ್ತು; ನಿಜ ಹೇಳಬೇಕೆಂದರೆ ಈಗಲೂ ಉರಿಯುತ್ತದೆ.

ಕಣದಲ್ಲಿ ಮ್ಯಾಚು

ಕಾಲೇಜಿಗೆ ಜಾಗ ಕೊಟ್ಟವರು ಊರಿನ ಗೌಡರು. ಕೊಡುವಾಗ ಒಂದು ಮಾತು ಆಗಿತ್ತಂತೆ: ಮೈದಾನ ವರ್ಷವೆಲ್ಲ ಕಾಲೇಜಿನದು, ಸುಗ್ಗಿಯಲ್ಲಿ ಮಾತ್ರ ಗೌಡರ ರಾಗಿ ಕಣ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ವರ್ಷ, ಹುರುಪಿನಲ್ಲಿ, ಸಿಟಿಯ ಒಂದು ದೊಡ್ಡ ಕಾಲೇಜಿನ ತಂಡವನ್ನು ಲೀಗ್ ಮ್ಯಾಚಿಗೆ ಕರೆಸಿದೆ. ಬೆಳಿಗ್ಗೆ ಬಂದು ನೋಡಿದರೆ ಒಂದು ಗೋಲಿನ ಮುಂದೆ ನೆಲವನ್ನು ಸಗಣಿಯಲ್ಲಿ ಸಾರಿಸಿದೆ. ಪಕ್ಕದಲ್ಲಿ ಆಳೆತ್ತರದ ರಾಗಿ ಮೆದೆ. ಎರಡು ಎತ್ತುಗಳು ಕಲ್ಲಿನ ಗುಂಡು ಎಳೆಯುತ್ತ ಪೆನಾಲ್ಟಿ ಜಾಗದಲ್ಲಿ ಸುತ್ತು ಹಾಕುತ್ತಿವೆ.

"ಗೌಡ್ರೇ, ಇವತ್ತು ಮ್ಯಾಚಿದೆ" ಅಂದೆ.

"ಆಡ್ಕಳಿ ಮೇಷ್ಟ್ರೇ, ನಾನೇನ್ ಬ್ಯಾಡ ಅಂದ್ನಾ? ಎತ್ತು ಬುಟ್ಟು ಆ ಕಡೆ ಕಟ್ತೀನಿ. ಆದ್ರೆ ಒಂದು. ಕಣದಾಗೆ ಮೆಟ್ ಹಾಕ್ಕಂಡು ಯಾರೂ ಕಾಲಿಡಂಗಿಲ್ಲ."

ಕಣ ಎಂದರೆ ಲಕ್ಷ್ಮಿ, ಅಲ್ಲಿ ಚಪ್ಪಲಿ ಹಾಕಿ ನಡೆಯುವುದಿಲ್ಲ. ಅದು ನನಗೂ ಗೊತ್ತು. ರೆಫರಿಯೂ ಹಳ್ಳಿಯ ಕಡೆಯವನೇ, ತಕ್ಷಣ ತನ್ನ ಶೂ ಬಿಚ್ಚಿ ಬದಿಗಿಟ್ಟ. ಸಿಟಿಯ ಹುಡುಗರು ಮಾತ್ರ ತಮ್ಮ ಹೊಸ ಬೂಟುಗಳನ್ನು ಬಿಚ್ಚುವಾಗ ಅಳುವುದೊಂದು ಬಾಕಿ. ನಮ್ಮವರಿಗೆ ಬಿಚ್ಚಲು ಏನೂ ಇರಲಿಲ್ಲ. ಅವರು ಯಾವತ್ತೂ ಬರಿಗಾಲಿನವರೇ.

ಸಿಟಿಯವರು ಕಲ್ಲು ತುಳಿದು ಕುಂಟುತ್ತಿದ್ದರೆ ನಮ್ಮವರು ನೆಗೆದಾಡಿದರು. ನಡುವೆ ಒಳ್ಳೆಯ ಗಾಳಿ ಎದ್ದಿತು. ಗೌಡರು ಗಾಳಿ ಬಿಟ್ಟಾರೆಯೇ? ಮೊರ ಎತ್ತಿ ರಾಗಿ ತೂರಲು ಶುರು ಮಾಡಿದರು. ಹೊಟ್ಟೆಲ್ಲ ಸಿಟಿಯವರ ಗೋಲ್‌ಕೀಪರ್ ಕಣ್ಣಿಗೆ. ಅವನು ಕಣ್ಣು ಉಜ್ಜಿಕೊಳ್ಳುವಾಗ ನಾವು ಗೋಲು ಹೊಡೆದೆವು. ಗೆದ್ದೆವು! ನಾನು ಹುಡುಗರನ್ನು ಎತ್ತಿ ಕುಣಿಸಿದೆ.

ಮರುವಾರ ಸಿಟಿಯವರು ದೂರು ಕೊಟ್ಟು, ಆ ಮ್ಯಾಚು ರದ್ದಾಯಿತು. ನಾನು ಮುಖ ಸಣ್ಣ ಮಾಡಿಕೊಂಡು ಗೌಡರಿಗೆ ಸುದ್ದಿ ಹೇಳಿದೆ. ಅವರು ನಿಜವಾಗಿಯೂ ನೊಂದುಕೊಂಡು ನನ್ನ ಬೆನ್ನು ತಟ್ಟಿದರು. "ಓಗ್ಲಿ ಬುಡಿ ಮೇಷ್ಟ್ರೇ, ಬೇಜಾರ್ ಮಾಡ್ಕಬ್ಯಾಡಿ. ರಾಗಿ ಮಾತ್ರ ಈ ಸಲ ಬಲ್ ಚೆಂದಾಗ್ ಬಂದದೆ."

ಪೂಜೆಯ ಚೆಂಡು

ಪೀಣ್ಯದಲ್ಲಿ ಆಯುಧಪೂಜೆ ಎಂದರೆ ಸಣ್ಣ ಹಬ್ಬವಲ್ಲ. ಲೇತಿನಿಂದ ಹಿಡಿದು ಸ್ಪ್ಯಾನರ್‌ವರೆಗೆ ಎಲ್ಲಕ್ಕೂ ಕುಂಕುಮ ಬೀಳುತ್ತದೆ. ನಮ್ಮ ಕಾಲೇಜಿನ ಅಟೆಂಡರ್ ಯಾಕೆ ಹಿಂದೆ ಬೀಳಬೇಕು? ನಾನು ಗೋಗರೆದು ತರಿಸಿದ್ದ ಒಂದೇ ಒಂದು ಒಳ್ಳೆಯ ಚೆಂಡನ್ನು ಮಣೆಯ ಮೇಲೆ ಕೂರಿಸಿ, ಮೂರು ಪಟ್ಟೆ ವಿಭೂತಿ ಎಳೆದು, ಸೇವಂತಿಗೆ ಹಾರ ಹಾಕಿ, ಪ್ರಿನ್ಸಿಪಾಲರ ಕೈಯಲ್ಲೇ ಮಂಗಳಾರತಿ ಮಾಡಿಸಿದ.

ಹಬ್ಬ ಮುಗಿದ ಮೇಲೆ ಚೆಂಡು ಕೇಳಲು ಹೋದೆ. ಅದು ಪ್ರಿನ್ಸಿಪಾಲರ ಗಾಜಿನ ಬೀರುವಿನಲ್ಲಿ, ಸರಸ್ವತಿ ಪಟದ ಪಕ್ಕ ಕೂತಿತ್ತು.

"ಏನ್ರೀ, ಪೂಜೆ ಮಾಡಿದ್ದನ್ನ ಕಾಲಲ್ಲಿ ಒದೀತೀರೇನ್ರೀ?" ಅಂದರು.

"ಸಾರ್, ಅದು ಫುಟ್‌ಬಾಲು."

"ಗೊತ್ತು ಕಣ್ರೀ. ನಾನೇನು ದಡ್ಡನಾ? ಆದ್ರೂ ನಾನೇ ಕೈಯಾರೆ ಆರತಿ ಎತ್ತಿದೀನಿ."

"ಫ್ಯಾಕ್ಟರಿಯಲ್ಲಿ ಲೇತಿಗೂ ಪೂಜೆ ಮಾಡ್ತಾರೆ ಸಾರ್. ಮಾರನೇ ದಿನ ಕೆಲಸ ಮಾಡಲ್ವಾ?"

"ಮಾಡ್ತಾರೆ. ಲೇತನ್ನ ಯಾರೂ ಒದಿಯಲ್ವಲ್ಲ?"

ಮತ್ತೆ ಹಳೆಯ ಚೆಂಡಿಗೇ ಮರಳಿದೆ. ಅದಕ್ಕೆ ಚಮ್ಮಾರಣ್ಣ ಹಾಕಿದ ಹೊಲಿಗೆ ಎಷ್ಟು ದಪ್ಪ ಇತ್ತೆಂದರೆ ಅದು ಉರುಳುವುದನ್ನೇ ಬಿಟ್ಟು ಹಾರಿ ಹಾರಿ ಹೋಗುತ್ತಿತ್ತು. ದಿನವೂ ಪ್ರಿನ್ಸಿಪಾಲರ ಕೊಠಡಿಯ ಮುಂದೆ ನಿಂತೆ. ಕೊನೆಗೊಂದು ದಿನ ಅವರಿಗೂ ಕರುಳು ಚುರುಕ್ ಎಂದಿರಬೇಕು. ಒಳಗೆ ಕರೆದು, ಬೀರು ತೆಗೆದು, ಚೆಂಡನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗಿಟ್ಟರು.

"ತಗೊಂಡ್ ಹೋಗಿ. ಆದ್ರೆ ಒಂದು ಷರತ್ತು. ಬರೀ ತಲೇಲಿ ಆಡ್ಸಿ."

ಸೈರನ್

ಅಷ್ಟರಲ್ಲಿ ಕಾಲೇಜಿನ ಸುತ್ತ ಫ್ಯಾಕ್ಟರಿಗಳು ತುಂಬಿಕೊಂಡವು. ಬೆಳಿಗ್ಗೆ ಓದಿ ಮಧ್ಯಾಹ್ನ ಸೆಕೆಂಡ್ ಶಿಫ್ಟಿಗೆ ಹೋಗುವ ಹುಡುಗರು ನನ್ನ ತಂಡದಲ್ಲೂ ಸೇರಿಕೊಂಡರು. ಚಿಕ್ಕಬಾಣಾವರದ ಕಡೆಯ ಒಂದು ತಂಡದ ಮೇಲೆ ಮ್ಯಾಚು. ಅವರಲ್ಲೂ ಅರ್ಧ ಜನ ಶಿಫ್ಟಿನವರೇ. ಸರಿಯಾಗಿ ನಮ್ಮ ಹುಡುಗ ಚೆಂಡು ತೆಗೆದುಕೊಂಡು ಗೋಲಿನ ಹತ್ತಿರ ನುಗ್ಗಿದ್ದಾನೆ, ಎದುರಿಗೆ ಯಾರೂ ಇಲ್ಲ, ಫ್ಯಾಕ್ಟರಿ ಸೈರನ್ ಹೊಡೆಯಿತು.

ಅವನು ಚೆಂಡನ್ನು ಅಲ್ಲೇ ಬಿಟ್ಟ. ಜರ್ಸಿಯಲ್ಲೇ ಬಸ್ ಸ್ಟಾಪಿನ ಕಡೆ ದೌಡು. ಅವನ ಹಿಂದೆ ನಮ್ಮವರು ಒಂದಿಷ್ಟು, ಎದುರು ತಂಡದವರು ಒಂದಿಷ್ಟು. ನಾನು "ಲೋ, ಮ್ಯಾಚು ಮುಗಿದಿಲ್ಲ ಕಣ್ರೋ!" ಎಂದು ಕಿರುಚಿದೆ.

"ಕಾರ್ಡ್ ಪಂಚ್ ಮಾಡ್ಬೇಕು ಸಾರ್! ಲೇಟಾದ್ರೆ ಒಳಗ್ ಬಿಡಲ್ಲ!"

ಇವರನ್ನು ಹಿಡಿದು ನಿಲ್ಲಿಸಿ, ರೂಲ್ಸು ಅಂದರೆ ರೂಲ್ಸು ಎಂದು ಹೇಳಲು ರೆಫರಿಯನ್ನು ಹುಡುಕಿದೆ. ಅವನು ಎಲ್ಲರಿಗಿಂತ ಮುಂದೆ ಓಡುತ್ತಿದ್ದ.

ಅಕೌಂಟೆನ್ಸಿ ರೂಮು

ಕಾಮರ್ಸಿಗೆ ಬೇಡಿಕೆ ಬಂತು. ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಹೊಸ ಕಟ್ಟಡಕ್ಕೆ ಜಾಗ ಹುಡುಕಿದರು. ಹಿಂದೆ ಬೀಳು ನೆಲ ಬೇಕಾದಷ್ಟಿತ್ತು. ಅವರ ಕಣ್ಣು ಬಿದ್ದದ್ದು ನನ್ನ ಮೈದಾನದ ಮೇಲೆ. ಹೋಗಿ ಜಗಳವಾಡಿದೆ.

"ಯಾಕಿಷ್ಟು ತಲೆ ಕೆಡಿಸ್ಕೊಳ್ತೀರಾ? ಗೋಲ್ ಕಂಬ ಕಿತ್ತು ಈ ಕಡೆ ಹಾಕ್ಕೊಳ್ಳಿ, ಆಯ್ತಪ್ಪ" ಅಂದರು. ಮಂಚವನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಸರಿಸಿದಷ್ಟು ಸಲೀಸಾಗಿ ಅಂದರು. ಅವರು ಚಿಕ್ಕಂದಿನಲ್ಲಿ ಒಂದು ದಿನವಾದರೂ ಚೆಂಡು ಒದ್ದಿದ್ದರೆ ಹಾಗೆ ಅನ್ನುತ್ತಿರಲಿಲ್ಲ.

ಕಟ್ಟಡ ಎದ್ದಿತು. ಮೈದಾನ ಮುಕ್ಕಾಲಾಯಿತು. ಹುಡುಗರು ಆ ಮುಕ್ಕಾಲಿಗೇ ಒಗ್ಗಿಹೋದರು. ಅವರ ಕಾಲಿಗೆ ಅಷ್ಟೇ ದೂರ ಗೊತ್ತು, ಅಷ್ಟೇ ಜೋರು ಗೊತ್ತು.

ಸಿಟಿಯ ದೊಡ್ಡ ಮೈದಾನದಲ್ಲಿ ಆಡಲು ಹೋದಾಗ ಇದರ ಫಲ ಕಂಡಿತು. ನಮ್ಮವರ ಪಾಸುಗಳೆಲ್ಲ ಅರ್ಧ ದಾರಿಯಲ್ಲೇ ಸುಸ್ತಾಗಿ ನಿಲ್ಲುತ್ತಿದ್ದವು. ನಮ್ಮ ಎಡಗಡೆಯ ಹುಡುಗ ಮಾತ್ರ ಗಾಳಿಯಂತೆ ಓಡುವವನು. ಅವನಿಗೊಂದು ಚೆಂಡು ಸಿಕ್ಕಿತು. ಒಬ್ಬನನ್ನು ದಾಟಿದ, ಇನ್ನೊಬ್ಬನನ್ನು ದಾಟಿದ. ಮುಂದೆ ಬಯಲೋ ಬಯಲು. ನಾನು ಎದ್ದು ನಿಂತೆ. ಅವನು ಬ್ರೇಕ್ ಹಾಕಿದ ಹಾಗೆ ಗಕ್ಕನೆ ನಿಂತುಬಿಟ್ಟ. ಹಿಂದಿನಿಂದ ಬಂದವನು ಆರಾಮವಾಗಿ ಚೆಂಡು ಕಿತ್ತುಕೊಂಡು ಹೋದ.

"ಯಾಕೋ ನಿಂತೆ, ಮುಂಡೇದೇ?" ಎಂದು ಮೈದಾನದ ಅಂಚಿನಿಂದಲೇ ಕೂಗಿದೆ.

ಅವನು ಏದುಸಿರು ಬಿಡುತ್ತ ಮುಂದಿನ ಹುಲ್ಲಿನ ಕಡೆ ಕೈ ತೋರಿಸಿದ. "ಸಾರ್, ಅಲ್ಲಿ ಅಕೌಂಟೆನ್ಸಿ ರೂಮ್ ಬರುತ್ತಲ್ಲ ಸಾರ್."

ಸಫಾರಿ ಸೂಟಿನವರು

ಆ ಕಾಲದಲ್ಲಿ ದೊಡ್ಡ ದೊಡ್ಡ ಫ್ಯಾಕ್ಟರಿಗಳಿಗೆ ಅವುಗಳದೇ ಫುಟ್‌ಬಾಲ್ ತಂಡಗಳಿದ್ದವು. ಚೆನ್ನಾಗಿ ಆಡಿದರೆ ಪರ್ಮನೆಂಟ್ ಕೆಲಸ. ಹಾಗಾಗಿ ಮೈದಾನದ ಪಕ್ಕ ಯಾರಾದರೂ ಇಸ್ತ್ರಿ ಬಟ್ಟೆಯವರು ಕಂಡರೆ ಸಾಕು, ನನ್ನ ಹುಡುಗರಿಗೆ ಮೈಮೇಲೆ ದೇವರು ಬರುತ್ತಿತ್ತು.

ನನ್ನ ಕೊನೆಯ ತಂಡದ ಗೋಲ್‌ಕೀಪರ್ ಅದೇ ಊರಿನವನು. ಅವರ ಹೊಲವೆಲ್ಲ ಫ್ಯಾಕ್ಟರಿಗಳ ಪಾಲಾಗಿ, ಮನೆಯಲ್ಲಿ ದುಡಿಮೆಗೆ ದಾರಿ ಇರಲಿಲ್ಲ. ಬಹಳ ಒಳ್ಳೆಯ ಹುಡುಗ. ಹೇಳಿದ ಮಾತು ಮೀರುವವನಲ್ಲ. ಒಂದೇ ಒಂದು ಕೊರತೆ, ಚೆಂಡು ಹಿಡಿಯಲು ಬರುತ್ತಿರಲಿಲ್ಲ. ಚೆಂಡು ಎಡಕ್ಕೆ ಬಂದರೆ ಬಲಕ್ಕೆ ಬೀಳುತ್ತಿದ್ದ. ನೇರ ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ. "ಮಂಡಿ ಬಗ್ಗಿಸೋ, ಕೈ ಅಗಲ ಮಾಡೋ, ಚೆಂಡಿನ ಮೇಲಿಂದ ಕಣ್ಣು ತೆಗೀಬೇಡ್ವೋ" ಎಂದು ನಾನು ಗಂಟಲು ಹರಿದುಕೊಂಡದ್ದೇ ಬಂತು. ಅಲ್ಲಿ ನಿಲ್ಲಲು ಬೇರೆ ಯಾರೂ ಒಪ್ಪುತ್ತಿರಲಿಲ್ಲವಾದ್ದರಿಂದ ಅವನೇ ನಿಲ್ಲುತ್ತಿದ್ದ.

ಒಂದು ದಿನ ನಮ್ಮ ಮೈದಾನದಲ್ಲೇ ಮ್ಯಾಚು. ಆಟ ಶುರುವಾಗುತ್ತಿದ್ದಂತೆ ಒಂದು ಜೀಪು ಬಂತು. ಸಫಾರಿ ಸೂಟಿನವರೊಬ್ಬರು ಇಳಿದು ಹೊಂಗೆ ಮರದ ಕೆಳಗೆ ನಿಂತು ಮೈದಾನವನ್ನು ಆ ತುದಿಯಿಂದ ಈ ತುದಿಯವರೆಗೆ ನೋಡತೊಡಗಿದರು.

"ಸೆಲೆಕ್ಷನ್‌ಗೆ ಬಂದವ್ರೆ ಮಚ್ಚಾ!" ಎಂದು ಯಾರೋ ಪಿಸುಗುಟ್ಟಿದರು. ಅಲ್ಲಿಗೆ ನನ್ನ ತಂಡ ಮುಗಿಯಿತು. ಒಬ್ಬನೂ ಇನ್ನೊಬ್ಬನಿಗೆ ಚೆಂಡು ಕೊಡಲಿಲ್ಲ. ನಮ್ಮವರ ಕಾಲಿನಿಂದ ನಮ್ಮವರೇ ಚೆಂಡು ಕಿತ್ತುಕೊಂಡು ಹೊಂಗೆ ಮರದ ಮುಂದೆ ಕಸರತ್ತು ಮಾಡಿದರು. ಕೊನೆಗೆ ಗೋಲ್‌ಕೀಪರೂ ಗೋಲು ಬಿಟ್ಟು ಆ ತುದಿಗೆ ಓಡಿದ. ಎದುರಿನವರು ಖಾಲಿ ಗೋಲಿಗೆ ಚೆಂಡು ತಳ್ಳಿ ತಳ್ಳಿ ಅವರಿಗೇ ಬೇಜಾರಾಯಿತು.

ಆಟ ಮುಗಿದ ಮೇಲೆ ಹುಡುಗರು ತಲೆ ಬಾಚಿಕೊಂಡು ಅವರ ಮುಂದೆ ಸಾಲಾಗಿ ನಿಂತರು. ಕೋಪ ನೆತ್ತಿಗೇರಿದ್ದರೂ ನಾನೂ ಹೋಗಿ ಕೈ ಮುಗಿದೆ. ಪಾಪ, ಒಬ್ಬನಿಗಾದರೂ ಅನ್ನದ ದಾರಿಯಾಗಲಿ ಅಂತ. "ಸಾರ್, ಇವತ್ತು ಸ್ವಲ್ಪ ಹೆಚ್ಚುಕಮ್ಮಿ ಆಯ್ತು. ಹುಡುಗ್ರು ಒಳ್ಳೆಯವರು. ನೀವು ಯಾರನ್ನ ಆರಿಸಿದ್ರಿ?"

"ಆರಿಸೋದಾ? ನಾನು ಶೆಡ್ ಕಟ್ಟೋಕೆ ಜಾಗ ನೋಡೋಕ್ ಬಂದಿರೋದ್ರೀ. ನಿಮ್ಮ ಸೆಕ್ರೆಟರಿಗಳು ಹೇಳ್ಲಿಲ್ವಾ? ಆಟ ಮುಗೀತಲ್ಲ, ಅಳತೆ ಶುರು ಮಾಡೋಣ್ವಾ?"

ನನಗೆ ಯಾರೂ ಹೇಳಿರಲಿಲ್ಲ. ಮಂಡಳಿಯವರು ಇಡೀ ಮೈದಾನವನ್ನು ಫ್ಯಾಕ್ಟರಿಗೆ ಕೊಟ್ಟಾಗಿತ್ತು, ನನಗೆ ಗೊತ್ತಾಗಿದ್ದು ಹೀಗೆ. ಡ್ರೈವರ್ ಜೀಪಿನಿಂದ ಅಳತೆಯ ಸರಪಳಿ ತೆಗೆದ. ಇನ್ನೊಂದು ತುದಿ ಹಿಡಿಯಲು ಜನ ಬೇಕಿತ್ತು. ನಾನು ಬೇಡ ಎನ್ನುವ ಮೊದಲೇ ಗೋಲ್‌ಕೀಪರ್ ಓಡಿಹೋಗಿ ಹಿಡಿದುಕೊಂಡ. ಆ ಸರಪಳಿಯನ್ನು ಮಾತ್ರ ಅವನು ಒಂದು ಸಲವೂ ಕೈಬಿಡಲಿಲ್ಲ. ಸಫಾರಿ ಸೂಟಿನವರು ಮೆಚ್ಚಿಕೊಂಡು, "ಕಟ್ಟಡ ಏಳ್ಲಿ, ಬಂದು ನನ್ನ ನೋಡು" ಅಂದರು. ಅಂತೂ ಒಬ್ಬನ ಸೆಲೆಕ್ಷನ್ ಆಯಿತು. ಮೈದಾನ ಉಳಿಸಿಕೊಡಿ ಎಂದು ನಾನು ಕಾರ್ಯದರ್ಶಿಗಳ ಮನೆಗೂ ಹೋದೆ, ಗೌಡರ ಮನೆಗೂ ಹೋದೆ. ಎಲ್ಲರೂ ಕಾಫಿ ಕೊಟ್ಟು ಕಳಿಸಿದರು.

ಕಾಂಪೌಂಡ್ ಎದ್ದು, ದೊಡ್ಡ ಗೇಟು ಕೂತಿತು. ನನ್ನ ಕಬ್ಬಿಣದ ಗೋಲ್ ಕಂಬಗಳು ಒಳಗೇ ಉಳಿದುಬಿಟ್ಟಿದ್ದವು. ಅವನ್ನಾದರೂ ತಂದುಕೊಳ್ಳೋಣ ಎಂದು ಒಂದು ಬೆಳಿಗ್ಗೆ ಹೋದೆ. ಗೇಟಿನಲ್ಲಿ ಖಾಕಿ ತೊಟ್ಟು ನಿಂತಿದ್ದವನು ನನ್ನ ಗೋಲ್‌ಕೀಪರೇ. ನನ್ನನ್ನು ಕಂಡು ಬಗ್ಗಿ ಕಾಲು ಮುಟ್ಟಿ ನಮಸ್ಕಾರ ಮಾಡಿದ. ನನಗೆ ಕಣ್ಣು ತುಂಬಿ ಬಂತು.

"ಚೆನ್ನಾಗಿದೀಯೇನಪ್ಪಾ? ಸ್ವಲ್ಪ ಗೇಟ್ ತೆಗಿ, ನನ್ನ ಕಂಬ ತಗೊಂಡ್ ಹೋಗ್ತೀನಿ."

"ಆಗಕಿಲ್ಲ ಸಾರ್. ಒರಗಿನೋರ್ನ ಬಿಡಬ್ಯಾಡ ಅಂದವ್ರೆ."

"ಹೊರಗಿನೋನೇನೋ ನಾನು?" ಎಂದು ಸಿಟ್ಟಿನಿಂದ ಪಕ್ಕದ ಸಣ್ಣ ಬಾಗಿಲಿಗೆ ನುಗ್ಗಿದೆ. ಎಡಕ್ಕೆ ಹೋದೆ, ಅವನು ಎಡಕ್ಕೆ ಬಂದ. ಬಲಕ್ಕೆ ಜಿಗಿದೆ, ಅಷ್ಟರಲ್ಲಿ ಅವನು ಅಲ್ಲಿದ್ದ. ಎಡಕ್ಕೆಂದು ತೋರಿಸಿ ಬಲಕ್ಕೆ ಹೋದೆ, ಮೋಸ ಹೋಗಲಿಲ್ಲ. ಅವನ ಮಂಡಿ ಬಗ್ಗಿದೆ, ಕೈ ಎರಡೂ ಅಗಲವಾಗಿವೆ, ಕಣ್ಣು ನನ್ನ ಮೇಲಿಂದ ಕದಲುತ್ತಿಲ್ಲ. ವರ್ಷಗಟ್ಟಲೆ ನಾನು ಬಡಿದುಕೊಂಡಿದ್ದೆಲ್ಲ ಒಂದೂ ತಪ್ಪಿಲ್ಲದೆ ಅವನ ಮೈಯಲ್ಲಿತ್ತು. ಕೊನೆಗೆ ನಾನೇ ಏದುಸಿರು ಬಿಡುತ್ತ ನಿಂತೆ.

ಅವನು ಕೈ ಇಳಿಸದೆಯೇ, ಬಹಳ ಗೌರವದಿಂದ ಕೇಳಿದ. "ಈಗ ಸರಿ ಬಂತಾ ಸಾರ್?"