ಸೂರ್ಯ ಹುಟ್ಟದ ಊರಿಗೆ ಹೋದ ಮೈದುನ

ಬರೆಯಲು ಕೂತರೆ ಸಾಕು, ಮಗಳಿಗೆ ಬಾಯಾರಿಕೆಯಾಗುತ್ತದೆ. ಹಾಲು ಕೊಟ್ಟು ಬರುವಷ್ಟರಲ್ಲಿ ಗಂಡನಿಗೆ ಕಾಲುಚೀಲ ಕಾಣುವುದಿಲ್ಲ. ಇವರ ಡಾಟ್‌ಕಾಮ್ ಕಂಪನಿ ಇಡೀ ಪ್ರಪಂಚಕ್ಕೆ ಬೇಕಾದ್ದನ್ನೆಲ್ಲ ಹುಡುಕಿಕೊಡುತ್ತದಂತೆ. ಕಾಲುಚೀಲ ಮಾತ್ರ ನಾನೇ ಹುಡುಕಬೇಕು. ಈ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಮೈದುನ ಟಂಡ್ರಾಗೆ ಹೊರಟಾಗಂತೂ ಒಂದರ ಬಾಲ ಒಂದು ಹಿಡಿದುಕೊಂಡು ಬಂದವು.

ಒಪ್ಪಿಗೆ

ಮೈದುನ ಸ್ಯಾನ್ ಹೊಸೆಯಲ್ಲಿ ನಮ್ಮ ಜೊತೆಗಿದ್ದುಕೊಂಡು ಎಂಜಿನಿಯರಿಂಗ್ ಓದುತ್ತಿದ್ದ. ಡಿಸೆಂಬರ್ ರಜೆಯಲ್ಲಿ ಅವನ ಕಾಲೇಜಿನ ಹುಡುಗರ ಗುಂಪೊಂದು ಪ್ರೊಫೆಸರ್ ಜೊತೆ ಅಲಾಸ್ಕಾದ ತುತ್ತತುದಿಗೆ, ಟಂಡ್ರಾ ಅನ್ನುವ ಮರವೇ ಬೆಳೆಯದ ಹಿಮದ ಬಯಲಿಗೆ ಹೊರಟಿತು. ಇವನೂ ಹೆಸರು ಕೊಟ್ಟ. ಮಂಡ್ಯದಲ್ಲಿದ್ದ ಅತ್ತೆಯನ್ನು ಒಪ್ಪಿಸುವ ಕೆಲಸ ನನ್ನ ತಲೆಗೆ ಬಂತು. ಹಿಮ ಇರುತ್ತೆ ಅಂದೆ, ಹೂಂ ಅಂದರು. ಕರಡಿ ಇರುತ್ತೆ ಅಂದೆ, ಅದಕ್ಕೂ ಹೂಂ. ಕೊನೆಗೆ, "ಅವನು ಒಂದು ಹೊತ್ತು ಹಸಿದಿದ್ರೂ ನಿನ್ನನ್ನೇ ಕೇಳೋದು," ಅಂದರು.

ಕರಡಿ ಹಸಿದಿದ್ದರೆ ಯಾರನ್ನು ಕೇಳುತ್ತೀರಿ ಅಂತ ನಾನು ಕೇಳಲಿಲ್ಲ.

ಚಳಿಯ ಅಭ್ಯಾಸ

ವಾಲ್ನಟ್ ಕ್ರೀಕ್ ಅನ್ನುವ ಊರಿನ ಸೇಲಿನಲ್ಲಿ ಮೈದುನ ಜಾಕೆಟ್ಟು ತಂದ. ಚಳಿ ತಡೆಯುತ್ತದೋ ಇಲ್ಲವೋ ನೋಡಬೇಕಲ್ಲ. ಇಂಡಿಯನ್ ಗ್ರೋಸರಿ ಅಂಗಡಿಯ ಆಂಟಿಯನ್ನು ಕೇಳಿ, ಅವರ ಕೋಲ್ಡ್ ರೂಮಿನೊಳಗೆ ನಿಲ್ಲಿಸಿದೆ. ನಾನು ಬೇಳೆ, ರವೆ ತೆಗೆದುಕೊಳ್ಳುವಷ್ಟರಲ್ಲಿ ಕೈ ಉಜ್ಜುತ್ತಾ ಹೊರಗೆ ಬಂದ. ಟಂಡ್ರಾ ಅಂದರೆ ಇಷ್ಟೇ ತಾನೇ, ತಡ್ಕೊಂಡೆ ಅತ್ತಿಗೆ ಅಂತ ಬೀಗಿದ. ಹಲ್ಲು ಮಾತ್ರ ಕಟಕಟ ಅನ್ನುತ್ತಿತ್ತು.

ಆಂಟಿ ತಲೆಯೆತ್ತದೆ ಹೇಳಿದರು: "ಅದು ಕೊತ್ತಂಬರಿ ಸೊಪ್ಪಿನ ರೂಮು. ಐಸ್‌ಕ್ರೀಮಿಂದು ಪಕ್ಕದ್ದು."

ಹೆಪ್ಪು

ಮೊಸರಿಲ್ಲದಿದ್ದರೆ ಅನ್ನ ಗಂಟಲಲ್ಲಿ ಇಳಿಯದ ಹುಡುಗ. ಹೆಪ್ಪಿಗೆ ಡಬ್ಬಿಯಲ್ಲಿ ಮೊಸರು ಕಟ್ಟಿಕೊಟ್ಟು, ಹಾಲಿನ ಪಾತ್ರೆ ಬೆಚ್ಚಗಿಡು ಅಂದಿದ್ದೆ. ಟಂಡ್ರಾ ತಲುಪಿದ ರಾತ್ರಿ ಅಲ್ಲಿ ಬೆಚ್ಚಗಿದ್ದ ಜಾಗ ಅವನ ಸ್ಲೀಪಿಂಗ್ ಬ್ಯಾಗೊಂದೇ. ಪಾತ್ರೆ ತಬ್ಬಿಕೊಂಡು ಮಲಗಿದ. ಬೆಳಿಗ್ಗೆ ಕ್ಯಾಂಪಿನಿಂದ ಫೋನು ಮಾಡಿ, ಮೊಸರು ಗಟ್ಟಿಯಾಗಿ ಆಗಿದೆ ಅತ್ತಿಗೆ ಅಂದ. ಭೇಷ್, ಅನ್ನಕ್ಕೆ ಕಲಸ್ಕೋ ಅಂದೆ.

"ಪಾತ್ರೇಲಿಲ್ಲ. ಅರ್ಧ ಬ್ಯಾಗಲ್ಲಿದೆ, ಅರ್ಧ ಪ್ಯಾಂಟಲ್ಲಿದೆ."

ಕೈ ಮುಗಿದದ್ದು

ಮಧ್ಯಾಹ್ನ ಮತ್ತೆ ಫೋನು. ಇನ್ನೂ ಏನೂ ತಿಂದಿಲ್ಲವಂತೆ. ಅತ್ತೆಯ ಮನೆಯಲ್ಲಿ ಸೂರ್ಯನಿಗೆ ಕೈ ಮುಗಿಯದೆ ಯಾರೂ ತಿಂಡಿ ಮುಟ್ಟುವುದಿಲ್ಲ. ಸ್ಯಾನ್ ಹೊಸೆಯಲ್ಲಿ ಇವನು ಏಳುವಷ್ಟರಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದು ಕಾದಿರುತ್ತಿದ್ದ. ಅಲ್ಲಿ ಹುಟ್ಟಿಯೇ ಇಲ್ಲ. ಯಾವಾಗ ಹುಟ್ಟುತ್ತಾನೆ ಅಂತ ಪ್ರೊಫೆಸರನ್ನು ಕೇಳಿದನಂತೆ. ಜನವರಿ ಕೊನೆಗೆ, ಅಂದರಂತೆ.

ಅಲ್ಲಿಯವರೆಗೆ ಇವನು ಉಪವಾಸವಿದ್ದರೆ ಅತ್ತೆ ನನ್ನನ್ನು ಸುಮ್ಮನೆ ಬಿಡುತ್ತಾರೆಯೇ? ನಮ್ಮಲ್ಲಿ ಒಳ್ಳೆ ಬಿಸಿಲಿತ್ತು. "ನಿನ್ನ ಬದಲು ನಾನು ಮುಗೀತೀನಿ, ನೀನು ತಿನ್ನು ಮಾರಾಯ," ಎಂದೆ. ಫೋನಿನ ವೈರು ಎಳೆದುಕೊಂಡು ಬಾಲ್ಕನಿಗೆ ಬಂದೆ, ರಿಸೀವರನ್ನು ಕತ್ತಿಗೆ ಸಿಕ್ಕಿಸಿಕೊಂಡು ಕೈ ಮುಗಿದೆ. ಎದುರು ಅಪಾರ್ಟ್‌ಮೆಂಟಿನ ಅಮೆರಿಕನ್ ತಾತ ಕಾಫಿ ಲೋಟ ಕೆಳಗಿಟ್ಟು ನನಗೆ ವಾಪಸ್ ಕೈ ಮುಗಿದರು. ಆ ಕಡೆಯಿಂದ ಅಗಿಯುವ ಶಬ್ದ ಕೇಳಿದ ಮೇಲೆಯೇ ಫೋನಿಟ್ಟೆ.

ಸಂಜೆ, ಮಂಡ್ಯದಲ್ಲಿ ಬೆಳಗಾಗಿರಬೇಕು, ಅತ್ತೆ ಫೋನು ಮಾಡಿದರು. ತಿಂದನೇ ಅಂತ ಕೇಳಿದರು. ತಿಂದ ಅಂದೆ. ಕೈ ಮುಗಿದನೇ ಅಂದರು. ಅಲ್ಲಿ ಸೂರ್ಯನಿಲ್ಲ, ಅವನ ಬದಲು ನಾನೇ ಮುಗಿದೆ, ಲೆಕ್ಕ ಸರಿಹೋಯಿತಲ್ಲ ಅಂದೆ.

ಅತ್ತೆ ಕೇಳಿದರು:

"ಹಂಗಾದ್ರೆ ಅವನು ಪರೀಕ್ಷೆ ಬರುದ್ರೆ, ಹತ್ತನೇ ಕ್ಲಾಸಿಗೆ ಓದು ಬಿಟ್ಟ ನೀನು ಎಂಜಿನಿಯರ್ ಆಗ್ಬುಡ್ತೀಯಾ?"