ಹಾಲು ಕರೆಯುವ ಯಂತ್ರಕ್ಕೆ ನಾನು ಮಾಡಿದ ಚಿಕಿತ್ಸೆ

ಚಿಕ್ಕಮ್ಮನ ಕೊಟ್ಟಿಗೆಯ ಹಾಲು ಕರೆಯುವ ಯಂತ್ರವನ್ನು ಹೊಚ್ಚ ಹೊಸದರಂತೆ ಮಾಡಿ, ನೋಡಿದವರೆಲ್ಲ ಮೂಗಿನ ಮೇಲೆ ಬೆರಳಿಡುವಂತೆ ಮಾಡುತ್ತೇನೆಂದು ನಾನು ಪಣ ತೊಟ್ಟೆ! ತೊಟ್ಟದ್ದು ಮನಸ್ಸಿನಲ್ಲೇ. ಜೋರಾಗಿ ಹೇಳುವ ಧೈರ್ಯ ನನಗಿಲ್ಲ. ನಾಲ್ಕು ಜನರೆದುರು ಬಾಯಿ ತೆರೆಯಬೇಕೆಂದರೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ನಾನು ಶಾಲೆ ಬಿಟ್ಟು ಚಿಕ್ಕಮ್ಮನ ಮನೆ ಸೇರಿದ್ದೂ ಅದಕ್ಕೇ. ಯಂತ್ರದ ಮುಂದೆ ಮಾತ್ರ ನಾನು ನಿರಾಳ. ಅದು ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳುವುದಿಲ್ಲ.

ಪಣಕ್ಕೆ ಕಾರಣವಿತ್ತು. ಬಟ್ಟೆ ಅಂಗಡಿ ಇಟ್ಟಿರುವ ಅಪ್ಪ ಗಡುವು ಕೊಟ್ಟಿದ್ದರು.

"ಭಾನುವಾರ ಬೆಳಗ್ಗೆ ಬಂದು ನೋಡ್ತೀನಿ. ಕೊಟ್ಟಿಗೆ ಕೆಲಸ ನಿನಗೆ ಒಗ್ಗಿದೆ ಅನ್ಸಿದ್ರೆ ಇಲ್ಲೇ ಇರು. ಇಲ್ಲಾಂದ್ರೆ ಸೋಮವಾರದಿಂದ ಅಂಗಡಿ ಬಾಗಿಲಲ್ಲಿ ನಿಂತು ಗಿರಾಕಿಗಳನ್ನ ಕೂಗಿ ಕರೀಬೇಕು."

ಕೂಗಿ! ಬೀದಿಯಲ್ಲಿ! ನಾನು!

ಯಂತ್ರವನ್ನು ಚಿಕ್ಕಮ್ಮ ಕೊಂಡಾಗಲೇ ಅದು ಹಳೆಯದು. ಪಂಪು ಗಾಳಿಯನ್ನು ಎಳೆಯುತ್ತದೆ, ಮೊಲೆಗಳಿಗೆ ತೊಡಿಸಿದ ನಾಲ್ಕು ಬಟ್ಟಲುಗಳು ಕರು ಚೀಪಿದಂತೆ ಹಾಲು ಚೀಪುತ್ತವೆ. ದೋಷವೆಂದರೆ ಒಂದೇ. ಗುಂಡಿ ಒತ್ತಿದ ಕೂಡಲೇ ಪಂಪಿನ ಮೇಲಿನ ತಗಡಿನ ಮುಚ್ಚಳ "ಗಡಗಡ ಗಡಗಡ ಕಿರ್‍ರ್!" ಎಂದು ಅರಚಿಕೊಳ್ಳುತ್ತಿತ್ತು.

ಶನಿವಾರ ಸಂಜೆ ಹಾಲು ಕರೆದಾದ ಮೇಲೆ ಶಸ್ತ್ರಚಿಕಿತ್ಸೆಗೆ ಕುಳಿತೆ. ಪಂಪಿಗೆ ಎಣ್ಣೆ ಹಾಕಿದೆ. ಪೈಪುಗಳನ್ನು ಬಿಸಿನೀರಿನಲ್ಲಿ ತೊಳೆದೆ. ಬಟ್ಟಲುಗಳ ಒಳಗಿನ ರಬ್ಬರು ಬದಲಿಸಿದೆ. ಬಿರುಕು ಬಿಟ್ಟ ರಬ್ಬರಿನಲ್ಲಿ ಕೊಳೆ ಕೂತರೆ ಕೆಚ್ಚಲು ಬಾವು ಬರುತ್ತದೆ, ನಿಮ್ಮಲ್ಲಿ ಯಂತ್ರವಿದ್ದರೆ ನೀವೂ ನೋಡಿಕೊಳ್ಳಿ. ಇಷ್ಟಕ್ಕೇ ಎದ್ದಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ! ಆ ತಗಡಿನ ಮುಚ್ಚಳದ ಬಳಿ ಕಿವಿಯಿಟ್ಟು, ಯಾವ ಮೂಲೆ ಗಡಗಡ, ಯಾವ ಮೂಲೆ ಕಿರ್‍ರ್ ಎಂದು ಪತ್ತೆ ಹಚ್ಚಿದೆ. ಮುಚ್ಚಳದ ಕೆಳಗೆ ರಬ್ಬರು ಕೊಟ್ಟು ಬೋಲ್ಟು ಬಿಗಿದೆ. ಇನ್ನೆಂದೂ ಸಡಿಲವಾಗಬಾರದೆಂದು ಕಬ್ಬಿಣ ಅಂಟಿಸುವ ಗೋಂದನ್ನೂ ಸುರಿದೆ. ಗುಂಡಿ ಒತ್ತಿದರೆ ಯಂತ್ರ ನಿದ್ದೆಯಲ್ಲಿರುವ ಬೆಕ್ಕಿನಂತೆ "ಗುರ್" ಎಂದಿತು, ಅಷ್ಟೇ.

ಬೆಳಗ್ಗೆ ಚಿಕ್ಕಮ್ಮ ಮಾಮೂಲಿನಂತೆ ಯಂತ್ರದ ಸದ್ದನ್ನು ಮೀರಿಸುವ ದನಿಯಲ್ಲೇ ಮಾತು ಆರಂಭಿಸಿ, ತನ್ನ ಕೂಗಿಗೆ ತಾನೇ ಬೆಚ್ಚಿಬಿದ್ದಳು.

"ಇದೇನೇ ಇದು! ನನ್ನ ಮಾತು ನನಗೇ ಕೇಳಿಸ್ತಿದೆ! ಭಲೇ ಇಂಜಿನಿಯರಮ್ಮ!"

ನನ್ನ ತಲೆ ಕೊಟ್ಟಿಗೆಯ ಮಾಡು ಮುಟ್ಟಿತು.

ಉಳಿದ ಹಸುಗಳು ತಕರಾರಿಲ್ಲದೆ ಹಾಲು ಕೊಟ್ಟವು. ಕೊನೆಯದು ದೊರೆಸಾನಿ. ಇಡೀ ಕೊಟ್ಟಿಗೆಯಲ್ಲಿ ಅತಿ ಹೆಚ್ಚು ಹಾಲು, ಅತಿ ಹೆಚ್ಚು ಗತ್ತು ಇರುವ ಹಸು. ಕೆಚ್ಚಲು ಒರೆಸಿ ಬಟ್ಟಲು ತೊಡಿಸಿದೆ. ದೊರೆಸಾನಿ ಕಿವಿ ನಿಮಿರಿಸಿದಳು. ಯಂತ್ರದ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ಪಾರದರ್ಶಕ ಪೈಪಿನಲ್ಲಿ ಒಂದು ತೊಟ್ಟೂ ಇಲ್ಲ!

"ಎಳೆತ ಸಾಲ್ತಿಲ್ಲ ಅನ್ಸುತ್ತೆ ಚಿಕ್ಕಮ್ಮ, ಸ್ವಲ್ಪ ಜಾಸ್ತಿ ಮಾಡ್ತೀನಿ," ಎಂದು ತಿರುಪಿಗೆ ಕೈಹಾಕಿದೆ.

"ಮುಟ್ಟಬೇಡ! ಅದು ಕೆಚ್ಚಲು ಕಣೇ, ಬಾವಿ ಅಲ್ಲ! ಖಾಲಿ ಎಳೆದ್ರೆ ಮೊಲೆ ಗಾಯ ಆಗುತ್ತೆ. ತೆಗಿ ಮೊದ್ಲು!"

ಗಾಬರಿಯಲ್ಲಿ ಎಳೆತ ನಿಲ್ಲಿಸದೆಯೇ ಬಟ್ಟಲು ತೆಗೆದೆ. ಅದು ನೆಲದ ಹುಲ್ಲನ್ನು ನುಂಗಿತು, ಅಲ್ಲಿಂದ ಚಿಕ್ಕಮ್ಮನ ಏಪ್ರನ್ನಿನ ದಾರ ಹಿಡಿಯಿತು. "ಅಯ್ಯೋ, ನನ್ನನ್ನೇ ಕರೀತಿದೆ!" ಎಂದು ಚಿಕ್ಕಮ್ಮ ಹಿಂದಕ್ಕೆ ಜಗ್ಗಿದಳು. ದೊರೆಸಾನಿ ಕಾಲು ಝಾಡಿಸಿದಳು. ಬಕೆಟ್ಟು ಉರುಳಿತು. ತುಂಬಿದ ಕೆಚ್ಚಲು ಮಾತ್ರ ತುಂಬಿದಂತೆಯೇ ಉಳಿಯಿತು.

ಕೈಯಲ್ಲಿ ಕರೆಯೋಣವೆಂದರೆ ಚಿಕ್ಕಮ್ಮನ ಮಣಿಕಟ್ಟು ಮೊನ್ನೆಯೇ ಉಳುಕಿ, ಪಟ್ಟಿ ಸುತ್ತಿದ್ದಳು. ನನ್ನ ಕೈಗೆ ದೊರೆಸಾನಿ ಕೊಟ್ಟದ್ದು ಬಾಲದ ಏಟು. ಹಾಲು ಹಾಗೇ ಕಟ್ಟಿ ನಿಂತರೆ ಬಾವು ಬಂದೀತೆಂಬ ಭಯ. ಅಪ್ಪ ಬರುವ ಹೊತ್ತಾಗುತ್ತಿತ್ತು. ನನ್ನ ಕಣ್ಣ ಮುಂದೆ ಬಟ್ಟೆ ಅಂಗಡಿಯ ಬಾಗಿಲು ತೆರೆದುಕೊಳ್ಳುತ್ತಿತ್ತು!

ಚಿಕ್ಕಮ್ಮ ಫೋನು ಮಾಡಿ ಪಶುವೈದ್ಯೆಯನ್ನು ಕರೆಸಿದಳು. ಆಕೆ ಜ್ವರ ನೋಡಿದರು, ಕೆಚ್ಚಲು ಒತ್ತಿ ನೋಡಿದರು, ಕಪ್ಪು ತಟ್ಟೆಗೆ ಹೇಗೋ ಎರಡು ಹನಿ ಹಿಂಡಿ ಹಾಲು ಒಡೆದು ಗರಣೆ ಕಟ್ಟಿದೆಯೇ ಎಂದು ಪರೀಕ್ಷಿಸಿದರು.

"ಹಸು ಗಟ್ಟಿಮುಟ್ಟಾಗಿದೆ. ಮಿಷನ್‌ಗೆ ಏನ್ ಮಾಡಿದ್ರಿ?"

"ರಿ... ರಿಪೇರಿ," ಎಂದೆ.

"ಅದೇ ಕಾಯಿಲೆ!"

ವೈದ್ಯೆ ವಿವರಿಸಿದರು. ಹಸು ಹಾಲು ಇಳಿಸಬೇಕಾದರೆ ಅದರ ಮನಸ್ಸು ನಿರಾಳವಾಗಬೇಕು. ದಿನವೂ ಕೇಳುವ ಸದ್ದೇ ಅದಕ್ಕೆ "ಈಗ ಹಾಲಿನ ಹೊತ್ತು" ಎಂಬ ಸೂಚನೆ. ದೊರೆಸಾನಿ ಕರು ಹಾಕಿದಾಗಿನಿಂದ ಕೇಳಿದ್ದು ಗಡಗಡ ಕಿರ್‍ರ್. ನಾನು ಬಿಗಿದದ್ದು ಬೋಲ್ಟನ್ನಲ್ಲ, ಅವಳ ಹಾಲನ್ನು!

"ಬೋಲ್ಟು ಸಡಿಲ ಮಾಡು," ಎಂದಳು ಚಿಕ್ಕಮ್ಮ.

"ಗೋಂದು ಹಾಕಿದ್ದೀನಿ."

"ಎಷ್ಟು?"

"ಇದ್ದಷ್ಟೂ."

ಚಿಕ್ಕಮ್ಮ ಹಣೆ ಚಚ್ಚಿಕೊಂಡಳು, ಅದೂ ಪಟ್ಟಿ ಸುತ್ತಿದ ಕೈಯಲ್ಲಿ. ನೋವಿಗೆ ಅವಳು ಹೊರಡಿಸಿದ ಸದ್ದು ಕೇಳಿ ದೊರೆಸಾನಿ ಒಮ್ಮೆ ಕಿವಿ ಅಲ್ಲಾಡಿಸಿದಳು. "ನೋಡಿ, ಸದ್ದಿಗೆ ಸ್ಪಂದಿಸ್ತಿದೆ!" ಎಂದರು ವೈದ್ಯೆ. ಚಿಕ್ಕಮ್ಮ ಸೌಟಿನಿಂದ ಡಬ್ಬ ಬಡಿದಳು. ದೊರೆಸಾನಿ ಮುಖ ತಿರುಗಿಸಿದಳು. ವೈದ್ಯೆ ತಮ್ಮ ಘನತೆ ಬದಿಗಿಟ್ಟು "ಗಡಗಡ" ಎಂದರು. ದೊರೆಸಾನಿ ಒಂದು ಹೆಜ್ಜೆ ಹಿಂದೆ ಸರಿದಳು.

"ಹಾಗಲ್ಲ," ಎಂದು ನನಗರಿವಿಲ್ಲದೆ ಬಾಯಿಂದ ಬಂತು. "ಗಡಗಡ ಎರಡು ಸಲ. ಆಮೇಲೆ ಉಸಿರು ಹಿಡಿದು ಕಿರ್‍ರ್."

ಇಬ್ಬರೂ ನನ್ನ ಕಡೆ ತಿರುಗಿದರು. ನಾಲಿಗೆ ಅಂಗುಳಿಗೆ ಅಂಟಿತು.

"ನೀನೇ ಮಾಡು ಪುಟ್ಟಿ," ಎಂದಳು ಚಿಕ್ಕಮ್ಮ ಮೆಲ್ಲಗೆ. "ಅವಳಿಗೆ ನೋವಾಗ್ತಿದೆ."

ಬಟ್ಟಲು ತೊಡಿಸಿದೆ. ಕಣ್ಣು ಮುಚ್ಚಿದೆ. "ಗಡಗಡ... ಕಿರ್." ಸೊಳ್ಳೆಗೂ ಕೇಳಿಸಲಿಲ್ಲ.

"ಜೋರಾಗಿ!"

"ಗಡಗಡ ಗಡಗಡ ಕಿರ್‍ರ್!"

ದೊರೆಸಾನಿ ಮೆಲುಕು ಹಾಕತೊಡಗಿದಳು. ಪೈಪಿನಲ್ಲಿ ಬಿಳಿಯ ಗೆರೆಯೊಂದು ಓಡಿತು! ನಾನು ಉಸಿರಿಗೆಂದು ನಿಂತರೆ ಅವಳು ಕೊರಳು ತಿರುಗಿಸಿ ದುರುಗುಟ್ಟುತ್ತಿದ್ದಳು. ಗಂಟಲು ಹರಿಯುವಂತೆ ಕಿರುಚಿದೆ. ತಗಡಿನ ಮಾಡೂ ದನಿಗೂಡಿಸಿತು. ಬಕೆಟ್ಟು ತುಂಬುತ್ತ ಬಂತು.

"ಇನ್ಮೇಲೆ ದಿನ ದಿನ ಸ್ವಲ್ಪ ಸ್ವಲ್ಪ ಸದ್ದು ಕಮ್ಮಿ ಮಾಡ್ತಾ ಬಾ, ಹೊಸದಕ್ಕೆ ಒಗ್ಗಿಕೊಳ್ತಾಳೆ. ಕೊಟ್ಟಿಗೇಲಿ ಏನೇ ಬದಲಾಯಿಸೋದಿದ್ರೂ ನಿಧಾನಕ್ಕೆ," ಎಂದು ವೈದ್ಯೆ ಚೀಲ ಕಟ್ಟಿದರು.

ಆಗ ಬಾಗಿಲ ಬಳಿ ಯಾರೋ ಕೆಮ್ಮಿದರು. ಅಪ್ಪ! ಎಷ್ಟು ಹೊತ್ತಿನಿಂದ ನಿಂತಿದ್ದರೋ, ಬಾಯಿ ತೆರೆದೇ ಇತ್ತು.

"ಈ ಗಂಟಲನ್ನ ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದೆ ಮಗಳೇ? ಬೀದಿ ತುದೀವರೆಗೂ ಕೇಳಿಸ್ತು! ಇಂಥ ಕೂಗು ಅಂಗಡಿ ಬಾಗಿಲಲ್ಲಿದ್ರೆ ಪಕ್ಕದೂರಿನವರೂ ಬಂದು ಬಟ್ಟೆ ತಗೋತಾರೆ. ನಾಳೆಯಿಂದಲೇ ಬಂದ್ಬಿಡು!"

ಹೊಳೆಯುವ ಪಂಪು, ಹೊಸ ರಬ್ಬರು, ತುಂಬುತ್ತಿದ್ದ ಬಕೆಟ್ಟು, ಯಾವುದನ್ನೂ ಅವರು ನೋಡಲಿಲ್ಲ!

"ಅವಳನ್ನ ಕಳಿಸೋಕಾಗಲ್ಲ ಭಾವ," ಎಂದಳು ಚಿಕ್ಕಮ್ಮ.

"ಯಾಕೆ? ಅಷ್ಟು ದೊಡ್ಡ ಇಂಜಿನಿಯರ್ ಆಗ್ಬಿಟ್ಟಿದ್ದಾಳಾ?"

"ಇಂಜಿನಿಯರ್ ಆಗಿದ್ರೆ ಈಗಲೇ ಕಳಿಸಿಬಿಡ್ತಿದ್ದೆ. ಅವಳೀಗ ಮಿಷನ್ನಿನ ಬಿಡಿಭಾಗ. ಬಿಚ್ಚಿಕೊಟ್ರೆ ಹಾಲು ನಿಂತುಹೋಗುತ್ತೆ!"

ಹಾಗಲ್ಲ, ಪಂಪಿಗೆ ಎಣ್ಣೆ ಹಾಕಿದ್ದೂ ನಾನೇ ಎಂದು ಹೇಳಲು ಬಾಯಿ ತೆರೆದೆ. ಕೂಗು ನಿಂತಿದ್ದಕ್ಕೆ ಪೈಪಿನಲ್ಲಿ ಬಿಳಿಯ ಗೆರೆ ತೆಳುವಾಯಿತು. ದೊರೆಸಾನಿ ಕೊರಳು ತಿರುಗಿಸಿ ನನ್ನನ್ನೇ ನೋಡಿದಳು.

"ಕಿರ್‍ರ್!" ಎಂದೆ.